ಹಳೆಯ ಮನೆಯ ವೈರಿಂಗನ್ನು ಇಂದಿನ ನಿಯಮಕ್ಕೆ ಹಿಡಿದು ನೋಡುವ ಬಗೆ



“ಗ್ರೈಂಡರ್ ಮುಟ್ಟಿದರೆ ಸ್ವಲ್ಪ ಜುಮ್ಮೆನ್ನುತ್ತದೆ. ಮಣೆಯ ಮೇಲೆ ನಿಂತುಕೊಂಡರೆ ಏನೂ ಆಗುವುದಿಲ್ಲ.” ಈ ಮಾತು ನಮ್ಮ ಹಳ್ಳಿಗಳ ಎಷ್ಟೋ ಅಡುಗೆಮನೆಗಳಲ್ಲಿ ಕೇಳಿಬರುತ್ತದೆ. ಅತ್ತೆ ಸೊಸೆಗೆ ಹೇಳುತ್ತಾಳೆ. ಸೊಸೆ ತನ್ನ ಮಗಳಿಗೆ ಹೇಳುತ್ತಾಳೆ. ಕ್ರಮೇಣ ಮಣೆ ಹಾಕಿಕೊಂಡು ನಿಲ್ಲುವುದೇ ಆ ಮನೆಯ ಪದ್ಧತಿಯಾಗಿಬಿಡುತ್ತದೆ. ಆದರೆ ಜುಮ್ಮೆನ್ನುವುದು ಗ್ರೈಂಡರಿನ ಸಹಜ ಗುಣವಲ್ಲ. ಯಂತ್ರದೊಳಗೆ ಎಲ್ಲೋ ಕರೆಂಟು ಸೋರುತ್ತಿದೆ, ಹಾಗೆ ಸೋರಿದ್ದನ್ನು ಮಣ್ಣಿಗೆ ಒಯ್ಯುವ ದಾರಿ ಈ ಮನೆಯಲ್ಲಿ ಇಲ್ಲ ಎಂಬ ಎಚ್ಚರಿಕೆ ಅದು. ಒಂದು ದಿನ ಮಣೆ ಒದ್ದೆಯಾಗಿರುತ್ತದೆ. ಇಲ್ಲವೇ ಮಣೆಯ ಸಂಗತಿ ತಿಳಿಯದ ಮಗುವೊಂದು ಬಂದು ಗ್ರೈಂಡರನ್ನು ಮುಟ್ಟುತ್ತದೆ. ಆ ದಿನ ಅದು ಜುಮ್ಮೆನ್ನುವುದಕ್ಕೆ ನಿಲ್ಲುವುದಿಲ್ಲ.

ಹೊಸದಾಗಿ ಮನೆ ಕಟ್ಟುವವರಿಗೆ ವೈರಿಂಗ್ ಹೇಗಿರಬೇಕೆಂದು ಹೇಳುವವರು ಬಹಳ ಮಂದಿ ಇದ್ದಾರೆ. ಅಜ್ಜನ ಕಾಲದಲ್ಲಿ, ತಂದೆಯ ಕಾಲದಲ್ಲಿ ವೈರಿಂಗ್ ಆದ ಮನೆಯಲ್ಲಿ ಇರುವವರು ಏನು ಮಾಡಬೇಕು? ಎಲ್ಲವನ್ನೂ ಕಿತ್ತುಹಾಕಬೇಕೇ? ಅಥವಾ “ಇಷ್ಟು ವರ್ಷ ಏನೂ ಆಗಿಲ್ಲ, ಇನ್ನು ಮುಂದೆಯೂ ಆಗುವುದಿಲ್ಲ” ಎಂದು ಸುಮ್ಮನಿರಬಹುದೇ? ಇವೆರಡೂ ಸರಿಯಲ್ಲ. ಹಳೆಯ ವೈರಿಂಗನ್ನು ಪರೀಕ್ಷಿಸಿ, ಉಳಿಸಿಕೊಳ್ಳಬಹುದಾದುದನ್ನು ಉಳಿಸಿಕೊಂಡು, ಪ್ರಾಣಾಪಾಯ ತರುವಂಥದನ್ನು ಮೊದಲು ತೆಗೆಯುವುದು ಸರಿಯಾದ ದಾರಿ. ಆ ಪರೀಕ್ಷೆಯ ಬಗೆಯನ್ನು ಈ ಪಾಠದಲ್ಲಿ ತಿಳಿಸಿದೆ.

ವೈರಿಂಗ್ ಹಳತು, ಹೊರೆ ಹೊಸತು

ನಮ್ಮ ನಾಡಿಗೆ ವಿದ್ಯುಚ್ಛಕ್ತಿ ಹೊಸದೇನಲ್ಲ. 1902ರಲ್ಲಿಯೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಹಳ್ಳಿಯ ಮನೆಗಳಿಗೆ ಅದು ಬಂದದ್ದು ನಿಧಾನವಾಗಿ. ಬಂದಾಗಲೂ ಬಂದದ್ದು ದೀಪಕ್ಕಾಗಿ. ಭಾಗ್ಯಜ್ಯೋತಿ, ಕುಟೀರ ಜ್ಯೋತಿ ಯೋಜನೆಗಳಲ್ಲಿ ಬಡವರ ಮನೆಗೆ ಬಂದದ್ದು ಒಂದೇ ಒಂದು ದೀಪ. ಉಳ್ಳವರ ಮನೆಯಲ್ಲಿಯೂ ಜಗಲಿಗೊಂದು, ನಡುಮನೆಗೊಂದು, ಅಡುಗೆಮನೆಗೊಂದು ಬಲ್ಬು, ರೇಡಿಯೋಗೆ ಒಂದು ಪ್ಲಗ್ಗು ಇದ್ದರೆ ಅದೇ ದೊಡ್ಡದು.

1970ರ ಸುಮಾರಿನಲ್ಲಿ ವೈರಿಂಗ್ ಮಾಡಿಸಿದ ಒಂದು ತೊಟ್ಟಿಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 40 ವಾಟಿನ ಮೂರು ಬಲ್ಬು ಒಟ್ಟಿಗೆ ಉರಿದರೆ 120 ವಾಟು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟು. 120ನ್ನು 230ರಿಂದ ಭಾಗಿಸಿದರೆ ತಂತಿಯಲ್ಲಿ ಹರಿಯುವುದು ಅರ್ಧ ಆಂಪಿಯರ್ ಮಾತ್ರ. ಅಂದಿನ ತಂತಿಗೆ ಅದು ಹೂವಿನ ಹೊರೆ.

ಅದೇ ಮನೆಯಲ್ಲಿ ಇಂದು ಬೆಳಗಿನ ಹೊತ್ತು ನೋಡಿ. ಬಚ್ಚಲಿನಲ್ಲಿ 1500 ವಾಟಿನ ನೀರು ಕಾಯಿಸುವ ರಾಡು, ಅಡುಗೆಮನೆಯಲ್ಲಿ 2000 ವಾಟಿನ ಕರೆಂಟು ಒಲೆ. ಇವೆರಡೇ ಸೇರಿ 3500 ವಾಟು, ಅಂದರೆ ಸುಮಾರು 15 ಆಂಪಿಯರ್. ಮಿಕ್ಸಿ, ಫ್ರಿಜ್ಜು, ಟಿ.ವಿ., ಇಸ್ತ್ರಿಪೆಟ್ಟಿಗೆ, ಕೊಟ್ಟಿಗೆಯ ಮೇವು ಕತ್ತರಿಸುವ ಯಂತ್ರ ಇವನ್ನು ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಅರ್ಧ ಆಂಪಿಯರ್ ಹರಿಯುತ್ತಿದ್ದ ತಂತಿಯಲ್ಲಿ 15 ಹರಿದರೆ, ಅದು 30 ಪಟ್ಟು ಹೆಚ್ಚು. ತಂತಿಯಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗದಂತೆ ಏರುತ್ತದೆ. ಆದುದರಿಂದ ಕಾವು 30 ಪಟ್ಟಲ್ಲ, 900 ಪಟ್ಟು ಆಗುತ್ತದೆ.

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಮನೆಗಳಲ್ಲಿ ಬಿಲ್ಲಿನ ಚಿಂತೆ ತಗ್ಗಿದೆ. ಬಿಲ್ಲು ಬರದಿದ್ದರೂ ತಂತಿಯ ಮೇಲಿನ ಹೊರೆ ತಪ್ಪುವುದಿಲ್ಲ ಎಂಬುದನ್ನು ಮರೆಯಬಾರದು. ಒಂದೆತ್ತಿನ ಗಾಡಿಗೆ ಜೋಡೆತ್ತಿನ ಹೊರೆ ಹೇರಿದಂತೆ ಇದು. ಗಾಡಿ ಹಳತಾದುದು ತಪ್ಪಲ್ಲ. ಅದರ ಅಚ್ಚನ್ನು ನೋಡದೆ ಹೇರಿದ್ದು ತಪ್ಪು.

ನಿಯಮ ಎಲ್ಲಿಂದ ಎಲ್ಲಿಗೆ ಬಂದಿದೆ

ಅಂದಿನ ಮನೆಗಳಿಗೆ ಅನ್ವಯಿಸುತ್ತಿದ್ದುದು 1956ರ ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು. 2003ರಲ್ಲಿ ಹೊಸ ವಿದ್ಯುಚ್ಛಕ್ತಿ ಕಾಯಿದೆ ಬಂದಿತು. ಅದರ ಅಡಿಯಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತಾ ನಿಯಮಾವಳಿಯನ್ನು ಹೊರಡಿಸಿತು. 2023ರಲ್ಲಿ ಅದರ ಬದಲಿಗೆ ಹೊಸ ನಿಯಮಾವಳಿ ಬಂದಿದೆ. ಮನೆಯ ವೈರಿಂಗನ್ನು ಹೇಗೆ ಮಾಡಬೇಕೆಂಬ ವಿವರಗಳು ಭಾರತೀಯ ಮಾನಕ ಬ್ಯೂರೋದ ಐ.ಎಸ್. 732 ಎಂಬ ಪುಸ್ತಕದಲ್ಲಿವೆ. ಅದು 2019ರಲ್ಲಿ ಪರಿಷ್ಕರಣೆಗೊಂಡಿತು. ಅರ್ಥಿಂಗಿನ ವಿವರಗಳು ಐ.ಎಸ್. 3043ರಲ್ಲಿವೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಇಂದು ನಾವು ಹಳೆಯ ಮನೆಗಳಲ್ಲಿ ಕಾಣುವ ದೋಷಗಳಲ್ಲಿ ಹಲವು, ಹೊಸ ನಿಯಮ ಬಂದದ್ದರಿಂದ ದೋಷಗಳಾದವಲ್ಲ. ನ್ಯೂಟ್ರಲ್ ತಂತಿಗೆ ಫ್ಯೂಸು ಹಾಕಬಾರದೆಂದು 1956ರ ನಿಯಮವೇ ಹೇಳಿತ್ತು. ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ವೈರಿಂಗ್ ಮಾಡಿಸಬೇಕೆಂದೂ ಅದು ಹೇಳಿತ್ತು. ಆದುದರಿಂದ “ನಮ್ಮ ಮನೆ ಹಳೆಯ ಕಾಲದ್ದು, ನಮಗೆ ಈ ನಿಯಮ ಇಲ್ಲ” ಎನ್ನುವ ಮಾತು ನಿಲ್ಲುವುದಿಲ್ಲ. ನಿಜವಾಗಿ ಹೊಸದಾಗಿ ಬಂದಿರುವ ಮುಖ್ಯ ಸಂಗತಿ ಒಂದು: ಕರೆಂಟು ಸೋರಿದ ಕೂಡಲೇ ತಾನಾಗಿ ಬೀಳುವ ಸ್ವಿಚ್ಚು. ಅದರ ವಿಷಯ ಮುಂದೆ ಬರುತ್ತದೆ.

ಮೀಟರಿನವರೆಗಿನ ತಂತಿ, ಮೀಟರು ಇವು ವಿದ್ಯುತ್ ಕಂಪನಿಯ ಹೊಣೆ. ಅಲ್ಲಿ ದೋಷ ಕಂಡರೆ 1912ಕ್ಕೆ ದೂರು ಕೊಡಬೇಕು, ನಾವು ಕೈಹಾಕಬಾರದು. ಮೀಟರಿನಿಂದ ಈಚೆಗೆ ಎಲ್ಲವೂ ಮನೆಯ ಯಜಮಾನರ ಹೊಣೆ.

ನಿಯಮದ ಪುಸ್ತಕವನ್ನು ಪೂರ್ತಿ ಓದಲು ಎಲ್ಲರಿಗೂ ಆಗದು. ಆದರೆ ಅದರ ತಿರುಳನ್ನು ಮೂರು ಪ್ರಶ್ನೆಗಳಲ್ಲಿ ಹೇಳಬಹುದು.

1. ಕರೆಂಟು ತಂತಿಯೊಳಗೇ ಉಳಿದಿದೆಯೇ?
2. ಹೊರಗೆ ಸೋರಿದರೆ, ಯಾರೂ ಮುಟ್ಟುವ ಮೊದಲೇ ತಾನಾಗಿ ನಿಲ್ಲುತ್ತದೆಯೇ?
3. ಇಂದಿನ ಹೊರೆಯನ್ನು ತಂತಿ ತಾಳುತ್ತದೆಯೇ?

ಈ ಮೂರಕ್ಕೂ “ಹೌದು” ಎಂಬ ಉತ್ತರ ಬಂದರೆ ವೈರಿಂಗ್ ಎಷ್ಟೇ ಹಳತಾದರೂ ಭಯಪಡಬೇಕಾಗಿಲ್ಲ. ಒಂದಕ್ಕೆ “ಇಲ್ಲ” ಎಂದು ಬಂದರೂ, ವೈರಿಂಗ್ ಹೋದ ವರ್ಷ ಮಾಡಿಸಿದ್ದಾದರೂ, ಅದು ಕೆಟ್ಟ ವೈರಿಂಗೇ.

ಮೊದಲನೆಯ ಪ್ರಶ್ನೆ: ಕರೆಂಟು ತಂತಿಯೊಳಗೇ ಇದೆಯೇ?

ಹಳೆಯ ಮನೆಗಳಲ್ಲಿ ಮರದ ರೀಪಿನ ಮೇಲೆ ತಗಡಿನ ಕ್ಲಿಪ್ಪು ಹೊಡೆದು ಎಳೆದ ತಂತಿ, ಅಥವಾ ಬಿಳಿ ಪಿಂಗಾಣಿಯ ಗುಬ್ಬಿಗಳ ಮೇಲೆ ಎಳೆದ ತಂತಿ ಇರುತ್ತದೆ. ಆ ತಂತಿಯ ಹೊದಿಕೆ ರಬ್ಬರಿನದು. ಕೆಲವಕ್ಕೆ ಅದರ ಮೇಲೆ ನೂಲಿನ ಹೆಣಿಗೆ. ರಬ್ಬರಿಗೆ ವಯಸ್ಸಿದೆ. ಒಲೆಯ ಕಾವು, ಹೊಗೆ, ಬಿಸಿಲು ತಾಕಿ ಅದು ಗಟ್ಟಿಯಾಗುತ್ತದೆ, ಬಿರಿಯುತ್ತದೆ, ಬಗ್ಗಿಸಿದರೆ ಪುಡಿಯಾಗಿ ಉದುರುತ್ತದೆ. ಸುಮ್ಮನೆ ಬಿದ್ದಿರುವವರೆಗೆ ಏನೂ ಕಾಣದು. ಅಲುಗಿಸಿದ ದಿನ ತಾಮ್ರ ಬಯಲಾಗುತ್ತದೆ. ಅಂತಹ ತಂತಿಯನ್ನು ದುರಸ್ತಿ ಮಾಡಲಾಗದು, ಬದಲಾಯಿಸಲೇಬೇಕು. ಇಲಿ ಕಡಿದ ತಂತಿ, ಹೆಂಚಿನಿಂದ ನೀರು ಸೋರಿ ಗೋಡೆ ನೆನೆಯುವ ಜಾಗದ ತಂತಿ ಇವನ್ನೂ ಹಾಗೆಯೇ ಕಾಣಬೇಕು.

ಮುಂದಿನ ಕಾಲದಲ್ಲಿ, ತಾಮ್ರ ಸಿಗುವುದು ದುರ್ಲಭವಾಗಿದ್ದಾಗ, ಅಲ್ಯೂಮಿನಿಯಂ ತಂತಿಯನ್ನು ಮನೆಗಳಿಗೆ ಬಹಳವಾಗಿ ಎಳೆದರು. ಅದರ ಹೊದಿಕೆ ಚೆನ್ನಾಗಿಯೇ ಇರಬಹುದು. ದೋಷವಿರುವುದು ಕೂಡುವ ಜಾಗಗಳಲ್ಲಿ. ತಿರುಪಿನ ಕೆಳಗೆ ಅಲ್ಯೂಮಿನಿಯಂ ಒತ್ತಿ ತೆಳುವಾಗುತ್ತದೆ, ತಿರುಪು ಸಡಿಲವಾಗುತ್ತದೆ, ಸಡಿಲವಾದಲ್ಲಿ ಕಿಡಿ ಹಾರುತ್ತದೆ, ಬೋರ್ಡು ಕಪ್ಪಾಗುತ್ತದೆ. ಸ್ವಿಚ್ ಬೋರ್ಡಿನ ಬಳಿ ಸುಟ್ಟ ವಾಸನೆ ಬಂದರೆ, ಸ್ವಿಚ್ಚು ಮುಟ್ಟಿದಾಗ ಬೆಚ್ಚಗಿದ್ದರೆ, ಬೇರೊಂದು ಯಂತ್ರ ಹಾಕಿದಾಗ ದೀಪ ಪದೇಪದೇ ಮಿಣುಗಿದರೆ ಈ ದೋಷವನ್ನು ಶಂಕಿಸಬೇಕು.

ಕಣ್ಣಿಗೆ ಕಾಣದ ಸೋರಿಕೆಯನ್ನು ಕಂಡುಹಿಡಿಯಲು ಒಂದು ಸಾಧನವಿದೆ. ಅದನ್ನು ಮೆಗ್ಗರ್ ಎನ್ನುತ್ತಾರೆ. ಮೈನ್ ಆರಿಸಿ, ಯಂತ್ರಗಳನ್ನೆಲ್ಲ ಬಿಚ್ಚಿಟ್ಟು, ತಂತಿಗೂ ನೆಲಕ್ಕೂ ನಡುವೆ 500 ವೋಲ್ಟು ಒಂದು ನಿಮಿಷ ಹಾಕಿ ನೋಡುತ್ತಾರೆ. ತಂತಿಯ ಹೊದಿಕೆಯ ತಡೆ ಕಡಿಮೆಯೆಂದರೂ 1 ಮೆಗಾ ಓಮ್, ಅಂದರೆ ಹತ್ತು ಲಕ್ಷ ಓಮ್ ಇರಬೇಕು. ಅದಕ್ಕಿಂತ ಕಡಿಮೆ ಬಂದರೆ ಸಾಲುಸಾಲಾಗಿ ಬಿಡಿಸಿ ನೋಡಿ ಕೆಟ್ಟ ಸಾಲನ್ನು ಪತ್ತೆಹಚ್ಚಬೇಕು. ಎಲ್ಲವನ್ನೂ ಕೀಳಬೇಕೋ ಒಂದು ಸಾಲನ್ನು ಬದಲಿಸಿದರೆ ಸಾಕೋ ಎಂಬುದಕ್ಕೆ ಈ ಪರೀಕ್ಷೆ ಉತ್ತರ ಕೊಡುತ್ತದೆ. ಈ ಪರೀಕ್ಷೆ ಮಾಡದೆ “ಎಲ್ಲಾ ಹೊಸದು ಎಳೆಯಬೇಕು” ಎನ್ನುವವರ ಮಾತನ್ನೂ, “ಎಲ್ಲಾ ಸರಿ ಇದೆ” ಎನ್ನುವವರ ಮಾತನ್ನೂ ನಂಬಬೇಡಿ.

ಎರಡನೆಯ ಪ್ರಶ್ನೆ: ಸೋರಿದರೆ ತಾನಾಗಿ ನಿಲ್ಲುತ್ತದೆಯೇ?

ಮೂರರಲ್ಲಿ ಇದೇ ದೊಡ್ಡ ಪ್ರಶ್ನೆ. ಹೆಚ್ಚಿನ ಹಳೆಯ ಮನೆಗಳು ಸೋಲುವುದು ಇಲ್ಲಿಯೇ.

ಕೆರೆಗೆ ಕೋಡಿ ಇರುವಂತೆ ಮನೆಗೆ ಅರ್ಥಿಂಗ್. ನೀರು ಮಿತಿಮೀರಿದಾಗ ಏರಿ ಒಡೆಯದಂತೆ ಕೋಡಿ ದಾರಿ ಕೊಡುತ್ತದೆ. ಯಂತ್ರದ ಲೋಹದ ಮೈಗೆ ಬಂದ ಕರೆಂಟು ನಮ್ಮ ದೇಹದ ಮೂಲಕ ಹರಿಯದಂತೆ ಅರ್ಥ್ ತಂತಿ ಮಣ್ಣಿಗೆ ದಾರಿ ಕೊಡುತ್ತದೆ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಕಡ್ಡಿ ಇರುವುದು ಇದಕ್ಕಾಗಿಯೇ. ಎರಡು ತೂತಿನ ಹಳೆಯ ಸಾಕೆಟ್ಟಿನಲ್ಲಿ ಈ ದಾರಿಯೇ ಇಲ್ಲ. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿಯನ್ನು ಮುರಿದು ಎರಡು ತೂತಿಗೆ ಸಿಕ್ಕಿಸುವವರು ಕೋಡಿಗೆ ಕಲ್ಲು ಕಟ್ಟಿದಂತೆ.

ಆದರೆ ಮೂರು ತೂತಿನ ಸಾಕೆಟ್ಟು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಎಂದು ತಿಳಿಯಬಾರದು. ಮೇಲಿನ ತೂತಿಗೆ ತಂತಿಯನ್ನೇ ಕೊಡದ ಮನೆಗಳು ಎಷ್ಟೋ. ಇನ್ನು ಕೆಲವು ಮನೆಗಳಲ್ಲಿ ಹಿಂದೆ ಅರ್ಥ್ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಈಗ ಆ ಪೈಪು ತುಕ್ಕು ಹಿಡಿದು ಪ್ಲಾಸ್ಟಿಕ್ ಪೈಪು ಬಂದಿದೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯದು. ಪೈಪು ಬದಲಾದ ದಿನವೇ ಮನೆಯ ಅರ್ಥಿಂಗ್ ಕಡಿದುಹೋಯಿತು. ಮನೆಯವರಿಗೆ ಅದು ತಿಳಿಯಲೇ ಇಲ್ಲ. ಮತ್ತೆ ಕೆಲವೆಡೆ ಅರ್ಥ್ ತೂತನ್ನು ಸಾಕೆಟ್ಟಿನ ಒಳಗೇ ನ್ಯೂಟ್ರಲ್ ತಂತಿಗೆ ಸೇರಿಸಿರುತ್ತಾರೆ. ಇದು ಎಲ್ಲಕ್ಕಿಂತ ಅಪಾಯಕರ. ಎಲ್ಲಿಯಾದರೂ ನ್ಯೂಟ್ರಲ್ ಕಡಿದರೆ ಅಂದೇ ಮಿಕ್ಸಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆಗಳ ಮೈಗೆಲ್ಲ ಕರೆಂಟು ಬರುತ್ತದೆ.

ಸರಿಯಾದ ಅರ್ಥಿಂಗಿಗೆ ಮನೆಯ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರು ದೂರದಲ್ಲಿ, ತೇವ ನಿಲ್ಲುವ ಜಾಗದಲ್ಲಿ, 38 ಮಿಲಿಮೀಟರಿಗೆ ಕಡಿಮೆಯಿಲ್ಲದ ಒಳವ್ಯಾಸದ, ಎರಡೂವರೆ ಮೀಟರು ಉದ್ದದ ಸತು ಲೇಪಿಸಿದ ಕಬ್ಬಿಣದ ಪೈಪನ್ನು ಹೂಳಬೇಕು. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುತ್ತಿರಬೇಕು. ತುಳಸಿಕಟ್ಟೆಗೆ ನೀರು ಹಾಕುವಾಗ ಅರ್ಥಿಂಗ್ ಗುಂಡಿಗೂ ಒಂದು ಕೊಡ ಹಾಕುವ ರೂಢಿ ಮಾಡಿಕೊಂಡರೆ ಒಳ್ಳೆಯದು.

ಇಷ್ಟಾದರೆ ಸಾಕೇ? ಸಾಲದು. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಅರ್ಥಿಂಗಿನ ದಾರಿಯ ತಡೆ 10 ಓಮ್ ಇದೆಯೆನ್ನೋಣ. ಯಂತ್ರದ ಮೈಗೆ ಫೇಸ್ ತಗುಲಿದರೆ 230ನ್ನು 10ರಿಂದ ಭಾಗಿಸಿ 23 ಆಂಪಿಯರ್ ಹರಿಯುತ್ತದೆ. 5 ಆಂಪಿಯರಿನ ಫ್ಯೂಸು ಇದ್ದರೆ ಬೇಗ ಸುಟ್ಟು ಕರೆಂಟು ನಿಲ್ಲುತ್ತದೆ. 15 ಆಂಪಿಯರಿನ ಫ್ಯೂಸು ಇದ್ದರೆ ಬಹಳ ಹೊತ್ತು ಸುಡದೆಯೂ ಇರಬಹುದು. ಇನ್ನು ಬೇಸಿಗೆಯಲ್ಲಿ ಮಣ್ಣು ಒಣಗಿ ತಡೆ 100 ಓಮಿಗೆ ಏರಿತು ಎನ್ನೋಣ. ಆಗ ಹರಿಯುವುದು 2.3 ಆಂಪಿಯರ್ ಮಾತ್ರ. ಅದಕ್ಕೆ ಯಾವ ಫ್ಯೂಸೂ ಸುಡುವುದಿಲ್ಲ. ಯಂತ್ರದ ಮೈಮೇಲೆ ಕರೆಂಟು ನಿಂತೇ ಇರುತ್ತದೆ.

ಮನುಷ್ಯ ದೇಹಕ್ಕೆ ಎಷ್ಟು ಕರೆಂಟು ಅಪಾಯ? ಆಂಪಿಯರಿನ ಸಾವಿರದ ಒಂದು ಭಾಗವನ್ನು ಮಿಲಿ ಆಂಪಿಯರ್ ಎನ್ನುತ್ತಾರೆ. 1 ಮಿಲಿ ಆಂಪಿಯರಿಗೆ ಜುಮ್ಮೆನ್ನುತ್ತದೆ. 10ಕ್ಕೆ ಮೇಲೆ ಹೋದರೆ ಸ್ನಾಯು ಬಿಗಿದು, ಹಿಡಿದ ಕೈ ಬಿಡಲಾಗದು. 30ನ್ನು ಮೀರಿ ಸ್ವಲ್ಪ ಹೊತ್ತು ಹರಿದರೆ ಉಸಿರಿಗೂ ಎದೆಬಡಿತಕ್ಕೂ ಕುತ್ತು. ಒದ್ದೆ ದೇಹದ ತಡೆ ಸುಮಾರು 1000 ಓಮ್ ಎಂದಿಟ್ಟುಕೊಂಡರೆ 230 ವೋಲ್ಟಿಗೆ ಹರಿಯುವುದು 230 ಮಿಲಿ ಆಂಪಿಯರ್. ಫ್ಯೂಸಿನ ಲೆಕ್ಕಕ್ಕೆ ಇದು ಕಾಲು ಆಂಪಿಯರೂ ಅಲ್ಲ. ಮನುಷ್ಯ ಸಾಯುವಷ್ಟು ಕರೆಂಟು ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ಮನುಷ್ಯನನ್ನು ಕಾಯಲು ಇರುವುದೇ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ಅಷ್ಟೇ ಹಿಂದಿರುಗಿತೇ ಎಂದು ಅದು ಕ್ಷಣಕ್ಷಣವೂ ತೂಗಿ ನೋಡುತ್ತದೆ. ತೂಬಿನಲ್ಲಿ ಬಿಟ್ಟ ನೀರು ಗದ್ದೆಗೆ ಪೂರ್ತಿ ಬಾರದಿದ್ದರೆ ಕಾಲುವೆ ಎಲ್ಲೋ ಒಡೆದಿದೆ ಎಂದು ನೀರುಗಂಟಿ ತಿಳಿಯುವಂತೆ, ವ್ಯತ್ಯಾಸ ಕಂಡ ಕೂಡಲೇ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕರೆಂಟನ್ನು ಕಡಿಯುತ್ತದೆ. ಮನೆಗೆ 30 ಮಿಲಿ ಆಂಪಿಯರಿನದನ್ನೇ ಹಾಕಿಸಬೇಕು. ಮೇಲಿನ ಲೆಕ್ಕದಲ್ಲಿ ಬೇಸಿಗೆಯ ಒಣ ಮಣ್ಣಿನಲ್ಲಿ ಹರಿದದ್ದು 2.3 ಆಂಪಿಯರ್, ಅಂದರೆ 2300 ಮಿಲಿ ಆಂಪಿಯರ್. ಫ್ಯೂಸು ಅಲುಗದ ಆ ಕರೆಂಟಿಗೆ ಇದು ತಕ್ಷಣ ಬೀಳುತ್ತದೆ. ಹಳೆಯ ವೈರಿಂಗನ್ನು ಈ ವರ್ಷವೇ ಬದಲಿಸಲು ಹಣವಿಲ್ಲದವರೂ ಇದೊಂದನ್ನು ಮೊದಲು ಹಾಕಿಸಬೇಕು.

ಹಳೆಯ ಮನೆಗೆ ಇದನ್ನು ಹಾಕಿದ ದಿನ ಅದು ಪದೇಪದೇ ಬೀಳುವುದುಂಟು. “ಈ ಸ್ವಿಚ್ಚು ಸರಿಯಿಲ್ಲ” ಎಂದು ಅದನ್ನು ತೆಗೆದುಹಾಕಿಸುವವರಿದ್ದಾರೆ. ಬೊಗಳಿದ ನಾಯಿಯನ್ನು ಹೊಡೆದು ಓಡಿಸಿ ಬಾಗಿಲು ತೆರೆದು ಮಲಗಿದಂತೆ ಅದು. ಸ್ವಿಚ್ಚು ಬೀಳುತ್ತಿದ್ದರೆ ಮನೆಯಲ್ಲಿ ಎಲ್ಲೋ ಸೋರಿಕೆಯಿದೆ, ಅಥವಾ ನ್ಯೂಟ್ರಲ್ ಮತ್ತು ಅರ್ಥ್ ಎಲ್ಲೋ ಬೆರೆತಿವೆ. ಒಂದೊಂದೇ ಸಾಲನ್ನು ಬಿಡಿಸಿ ದೋಷವನ್ನು ಹುಡುಕಿಸಬೇಕು. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ಎಂದು ನೋಡುವುದೂ ಅವಶ್ಯ. ಆದರೆ ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದು ಕೈಯಲ್ಲಿ ನ್ಯೂಟ್ರಲನ್ನೂ ಹಿಡಿದವನನ್ನು ಇದು ಕಾಯಲಾರದು. ಹೆಚ್ಚಿನ ಹೊರೆಗೂ ಇದು ಬೀಳುವುದಿಲ್ಲ, ಅದಕ್ಕೆ ಎಂ.ಸಿ.ಬಿ. ಬೇರೆಯೇ ಬೇಕು.

ಮೀಟರಿನ ಪಕ್ಕದ ಹಳೆಯ ಬೋರ್ಡನ್ನೂ ನೋಡಿ. ಅಲ್ಲಿ ಎರಡು ಪಿಂಗಾಣಿ ಫ್ಯೂಸುಗಳಿದ್ದು, ಒಂದು ಫೇಸಿಗೆ, ಇನ್ನೊಂದು ನ್ಯೂಟ್ರಲಿಗೆ ಇದ್ದರೆ ಎರಡನೆಯದನ್ನು ತೆಗೆಸಬೇಕು. ನ್ಯೂಟ್ರಲಿನ ಫ್ಯೂಸು ಸುಟ್ಟಾಗ ದೀಪ ಆರುತ್ತದೆ. ಕರೆಂಟು ಹೋಯಿತೆಂದು ತಿಳಿದು ಕೈಯಿಟ್ಟರೆ ಫೇಸು ಜೀವಂತವಾಗಿಯೇ ಇರುತ್ತದೆ. ಮೈನ್ ಸ್ವಿಚ್ಚು ಎರಡೂ ತಂತಿಗಳನ್ನು ಒಟ್ಟಿಗೆ ಕಡಿಯುವಂಥದಾಗಿರಬೇಕು.

ಮೂರನೆಯ ಪ್ರಶ್ನೆ: ಹೊರೆಯನ್ನು ತಂತಿ ತಾಳುತ್ತದೆಯೇ?

ಹಳೆಯ ಕೆಲಸಗಾರರು 1/18, 3/20, 7/20 ಎಂದು ಹೇಳುತ್ತಿದ್ದ ತಂತಿಗಳು ಇಂದಿನ ಲೆಕ್ಕದಲ್ಲಿ ಸುಮಾರು 1.2, 2 ಮತ್ತು 4.6 ಚದರ ಮಿಲಿಮೀಟರಿನವು. ಈಗ ದೀಪದ ಸಾಲಿಗೆ ಕನಿಷ್ಠ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಬೇಕು. ರಾಡು, ಗೀಜರು, ಕರೆಂಟು ಒಲೆಗಳ ಸಾಲಿಗೆ 2.5ಕ್ಕೆ ಕಡಿಮೆ ಇರಕೂಡದು. 4 ಹಾಕಿದರೆ ಉತ್ತಮ. ಹಾಗೆಯೇ ದೀಪ, ಫ್ಯಾನುಗಳ ಒಂದು ಸಾಲಿನಲ್ಲಿ ಹತ್ತಕ್ಕಿಂತ ಹೆಚ್ಚು ಪಾಯಿಂಟುಗಳು, 800 ವಾಟಿಗಿಂತ ಹೆಚ್ಚು ಹೊರೆ ಇರಬಾರದೆಂಬುದು ಬಹುಕಾಲದಿಂದ ನಡೆದುಬಂದಿರುವ ಲೆಕ್ಕ.

ಈ ಲೆಕ್ಕವನ್ನು ನಿಮ್ಮ ಮನೆಗೆ ನೀವೇ ಮಾಡಬಹುದು. ಪ್ರತಿ ಯಂತ್ರದ ಮೇಲೂ ವಾಟು ಬರೆದಿರುತ್ತದೆ. ಒಂದು ಕಾಗದದ ಮೇಲೆ ಬರೆದು ಕೂಡಿ, 230ರಿಂದ ಭಾಗಿಸಿ. ಶಾಲೆಗೆ ಹೋಗುವ ಮಕ್ಕಳಿಂದ ಮಾಡಿಸಿದರೆ ಅವರಿಗೂ ಪಾಠವಾಗುತ್ತದೆ. 800 ವಾಟಿಗೆ ಮಾಡಿದ ಸಾಲಿನಿಂದಲೇ 1500 ವಾಟಿನ ರಾಡು ಕಾಯುತ್ತಿದ್ದರೆ, ಆ ರಾಡಿಗೆ ಮೈನ್ ಬೋರ್ಡಿನಿಂದ ಬೇರೆ ಸಾಲು, ಬೇರೆ ಎಂ.ಸಿ.ಬಿ. ಹಾಕಿಸಬೇಕು. ಇಡೀ ಮನೆಯ ವೈರಿಂಗ್ ಬದಲಿಸುವುದಕ್ಕಿಂತ ಇದರ ಖರ್ಚು ಬಹಳ ಕಡಿಮೆ. ಹಳೆಯ ಸಾಲು ಹಳೆಯ ದೀಪಗಳನ್ನು ಹೊತ್ತುಕೊಂಡು ಇರಲಿ.

ಹೊರೆ ಹೆಚ್ಚಾಗಿ ಫ್ಯೂಸು ಸುಟ್ಟಾಗ ದಪ್ಪ ತಂತಿ ಸುತ್ತುವ ಅಭ್ಯಾಸವನ್ನು ಬಿಡಲೇಬೇಕು. ಫ್ಯೂಸಿನಲ್ಲಿ ತೆಳು ತಂತಿ ಇರುವುದು ಮೊದಲು ಅದೇ ಸುಡಲಿ ಎಂದು. ಅಲ್ಲಿ ದಪ್ಪ ತಂತಿ ಹಾಕಿದರೆ ಸುಡುವುದು ತೊಲೆಯ ಮೇಲಿನ ತಂತಿ. ಅದರ ಪಕ್ಕದಲ್ಲೇ ಅಟ್ಟದ ಒಣ ಸೌದೆಯೂ ಹುಲ್ಲೂ ಇರುತ್ತವೆ. ಎಂ.ಸಿ.ಬಿ. ಪದೇಪದೇ ಬಿದ್ದರೆ ದೊಡ್ಡ ಆಂಪಿಯರಿನದನ್ನು ಹಾಕುವುದೂ ಇದೇ ತಪ್ಪು.

ನೀವು ನೋಡಬಹುದಾದದ್ದು, ಬಲ್ಲವರಿಂದ ಮಾಡಿಸಬೇಕಾದದ್ದು

ಟೆಸ್ಟರ್ ಇದ್ದವರು ಮೂರು ತೂತಿನ ಸಾಕೆಟ್ಟನ್ನು ಹೀಗೆ ನೋಡಬಹುದು. ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ. ದಪ್ಪ ತೂತು ಮೇಲಿರುವಂತೆ ಎದುರು ನಿಂತಾಗ ಬಲಗಡೆಯ ತೂತಿನಲ್ಲಿ ದೀಪ ಹತ್ತಬೇಕು. ಎಡಗಡೆ ಹತ್ತಿದರೆ ತಂತಿ ಅದಲುಬದಲಾಗಿದೆ. ಮೇಲಿನ ತೂತಿನಲ್ಲಿ ಹತ್ತಿದರೆ ಆ ಕ್ಷಣವೇ ಮೈನ್ ಆರಿಸಿ, ಬಲ್ಲವರನ್ನು ಕರೆಸಬೇಕು. ಸಾಕೆಟ್ಟಿನ ಸ್ವಿಚ್ಚು ಆರಿಸಿದ ಮೇಲೂ ಬಲಗಡೆ ಹತ್ತುತ್ತಿದ್ದರೆ ಸ್ವಿಚ್ಚನ್ನು ನ್ಯೂಟ್ರಲಿಗೆ ಹಾಕಿದ್ದಾರೆ ಎಂದರ್ಥ, ಅದನ್ನು ಸರಿಪಡಿಸಬೇಕು. ಆದರೆ ಟೆಸ್ಟರ್ ಹತ್ತಲಿಲ್ಲವೆಂದು ತಂತಿಯನ್ನು ಕೈಯಿಂದ ಮುಟ್ಟಬೇಡಿ. ಟೆಸ್ಟರೂ ಕೆಡುತ್ತದೆ.

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದಂತೆಯೇ ಬದಲಿಸಲು ಪರವಾನಗಿ ಬೇಕಿಲ್ಲವೆಂದು ನಿಯಮವೇ ಹೇಳುತ್ತದೆ. ಅದನ್ನೂ ಮೈನ್ ಆರಿಸಿಯೇ ಮಾಡಬೇಕು. ಹೊಸ ಸಾಲು ಎಳೆಯುವುದು, ಅರ್ಥಿಂಗ್ ಹಾಕುವುದು, ಮೈನ್ ಬೋರ್ಡು ಬದಲಿಸುವುದು ಇವು ಪರವಾನಗಿ ಪಡೆದ ಗುತ್ತಿಗೆದಾರರ ಕೆಲಸ. ಕೆಲಸ ಮುಗಿದ ಮೇಲೆ ಮೆಗ್ಗರಿನ ಅಂಕಿಯನ್ನೂ ಅರ್ಥಿಂಗಿನ ಅಂಕಿಯನ್ನೂ ಬರೆಸಿಕೊಂಡು ಮನೆಯ ಪತ್ರಗಳ ಜೊತೆ ಇಡಿ. ಐದು ವರ್ಷಕ್ಕೆ ಮೀರದಂತೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿದಾಗ ಹಿಂದಿನ ಅಂಕಿಯೊಡನೆ ಹೋಲಿಸಬಹುದು. ತಂತಿ, ಸ್ವಿಚ್ಚು ಕೊಳ್ಳುವಾಗ ಐ.ಎಸ್.ಐ. ಗುರುತು ಇರುವುದನ್ನೇ ಕೇಳಿ.

ಯಾವುದು ಮೊದಲು, ಯಾವುದು ನಂತರ

ಇಂದೇ ಮಾಡಬೇಕಾದದ್ದು: ಜುಮ್ಮೆನ್ನುವ ಯಂತ್ರವನ್ನು ಬಳಸುವುದನ್ನು ನಿಲ್ಲಿಸಿ. ಬಟ್ಟೆ ಒಣಹಾಕಲು ಕಟ್ಟಿರುವ ಕಬ್ಬಿಣದ ತಂತಿ ವಿದ್ಯುತ್ ತಂತಿಯ ಬಳಿಯೋ ತಗಡಿನ ಮಾಡಿಗೋ ಸೋಕುತ್ತಿದ್ದರೆ ಬಿಚ್ಚಿ, ಬದಲಿಗೆ ಹಗ್ಗ ಕಟ್ಟಿ. ರಾಡು ಹಾಕಿದ ನೀರಿಗೆ ಪ್ಲಗ್ಗು ಕೀಳದೆ ಕೈಯಿಡಬೇಡಿ. ಬಚ್ಚಲಿನೊಳಗೆ ಒದ್ದೆ ಕೈಗೆ ಎಟುಕುವ ಸ್ವಿಚ್ಚು ಇದ್ದರೆ ಅದನ್ನು ಬಳಸದೆ, ಹೊರಗೆ ಹಾಕಿಸುವ ಏರ್ಪಾಡು ಮಾಡಿ. ಫ್ಯೂಸಿನ ದಪ್ಪ ತಂತಿಯನ್ನು ತೆಗೆಯಿಸಿ.

ಈ ತಿಂಗಳೊಳಗೆ ಮಾಡಬೇಕಾದದ್ದು: 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ., ಸರಿಯಾದ ಅರ್ಥಿಂಗ್, ಎರಡೂ ತಂತಿ ಕಡಿಯುವ ಮೈನ್ ಸ್ವಿಚ್ಚು, ನ್ಯೂಟ್ರಲ್ ಫ್ಯೂಸಿನ ನಿವಾರಣೆ, ಮೆಗ್ಗರ್ ಪರೀಕ್ಷೆ. ಕೊಟ್ಟಿಗೆಯನ್ನು ಮರೆಯಬೇಡಿ. ಸಗಣಿ ಗಂಜಲದಿಂದ ಸದಾ ಒದ್ದೆಯಾದ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುವ ದನಗಳಿಗೆ ಮನುಷ್ಯರಿಗಿಂತ ಕಡಿಮೆ ವೋಲ್ಟೇ ಸಾಕು.

ಸುಗ್ಗಿ ಮುಗಿದು ಕೈಗೆ ಹಣ ಬಂದಾಗ ಮಾಡಬೇಕಾದದ್ದು: ರಬ್ಬರ್ ತಂತಿಯ ಬದಲಾವಣೆ, ಎರಡು ತೂತಿನ ಸಾಕೆಟ್ಟುಗಳ ಬದಲಿಗೆ ಅರ್ಥ್ ಸಹಿತವಾದ ಮೂರು ತೂತಿನವು, ಹೆಚ್ಚು ವಾಟಿನ ಯಂತ್ರಗಳಿಗೆ ಬೇರೆ ಸಾಲು.

ಇಷ್ಟರ ಮಧ್ಯೆ ಯಾರಿಗಾದರೂ ಕರೆಂಟು ಹಿಡಿದರೆ ಬರಿಗೈಯಲ್ಲಿ ಎಳೆಯಲು ಹೋಗಬೇಡಿ. ಮೊದಲು ಮೈನ್ ಆರಿಸಿ. ಅದು ಎಟುಕದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ, 108ಕ್ಕೆ ಕರೆಮಾಡಿ. ಮೈನ್ ಎಲ್ಲಿದೆ, ಅದನ್ನು ಆರಿಸುವುದು ಹೇಗೆ ಎಂಬುದು ಯಜಮಾನರಿಗೆ ಮಾತ್ರವಲ್ಲ, ಹೆಂಗಸರಿಗೂ ಮಕ್ಕಳಿಗೂ ತಿಳಿದಿರಬೇಕು. ಮೈನಿನ ಮುಂದೆ ಗೊಬ್ಬರದ ಚೀಲ ಒಟ್ಟಿದ್ದರೆ ಇಂದೇ ತೆಗೆಯಿರಿ.

ದೀಪ ಉರಿಯುತ್ತಿದೆ ಎಂದರೆ ವೈರಿಂಗ್ ಸರಿಯಿದೆ ಎಂದಲ್ಲ. ದೋಷವಿರುವ ಮನೆಯಲ್ಲಿಯೂ ದೀಪ ಚೆನ್ನಾಗಿಯೇ ಉರಿಯುತ್ತದೆ. ಈ ಪಾಠವನ್ನು ಓದಿದವರು ಇಂದು ಸಂಜೆ ಅಡುಗೆಮನೆಗೆ ಹೋಗಿ ಒಂದೇ ಮಾತು ಕೇಳಿ: “ಮುಟ್ಟಿದರೆ ಜುಮ್ಮೆನ್ನುವಂಥದು ಈ ಮನೆಯಲ್ಲಿ ಯಾವುದಾದರೂ ಇದೆಯೇ?” ಮನೆಯ ಹೆಂಗಸರಿಗೆ ಅದು ಎಂದೋ ಗೊತ್ತಿರುತ್ತದೆ, ಅವರನ್ನು ಯಾರೂ ಕೇಳಿರುವುದಿಲ್ಲ. “ಇದೆ” ಎಂಬ ಉತ್ತರ ಬಂದರೆ ಮಣೆಯನ್ನು ಹುಡುಕಬೇಡಿ, ಗುತ್ತಿಗೆದಾರರನ್ನು ಕರೆಯಿಸಿ.